ಆರ್ಕಿಡ್ ಗಿಡಕ್ಕೆ ಚರಗ ಚೆಲ್ಲಿದ್ದು

ಆ ಗಿಡ ಸವಣೂರಿನಿಂದ ಹಾನಗಲ್ಲಿಗೆ ಟಿಕೆಟ್ ತೆಗೆಸಿಕೊಂಡು ಬಂತು. ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದ ಆಪಾಳಿಗೆ ಮಾತ್ರ ಪ್ರಯಾಣ ಪುಕ್ಕಟೆ. ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದ ಮೇಲೆ ನಮ್ಮ ಕಡೆಯ ಕಂಡಕ್ಟರುಗಳಿಗೆ ಟಿಕೆಟ್ ತೆಗೆಸಬಲ್ಲ ಪ್ರಯಾಣಿಕರೇ ಕಡಿಮೆಯಾಗಿದ್ದಾರೆ. ಬಂಕಾಪುರ ದಾಟುವಷ್ಟರಲ್ಲಿ ಆ ಬಸ್ಸಿನ ಕಂಡಕ್ಟರನ ಕಣ್ಣು ಗಿಡದ ಮೇಲೆ ಬಿದ್ದಿತ್ತಂತೆ.

“ಇದಕ್ಕ ಲಗೇಜ್ ಆಕ್ಕೈತ್ರಿ ಬಾಯಾರ.”

“ತೊಡಿ ಮ್ಯಾಲ ಐತಲ್ಲೋ ತಮ್ಮಾ, ಸೀಟ್ ಎಲ್ಲಿ ಹಿಡದೈತಿ?”

“ತೊಡಿ ಮ್ಯಾಲ ಕೂಸಿದ್ರ ಬಿಡ್ತಿದ್ನಿ.”

“ಇದೂ ಹೆಣ್ಣ ಐತಿ. ಹೆಣ್ಣಿಗೆ ಪುಕ್ಕಟ ಅಲ್ಲೇನು?”

“ಹಂಗಾರ ಇದರ ಆಧಾರ ಕಾರ್ಡ್ ತೋರಸ್ರಿ.”

ಬಸ್ಸಿಗೆ ಬಸ್ಸೇ ನಕ್ಕಿತಂತೆ. ಆಪಾ ಟಿಕೆಟ್ ತೆಗೆಸಿದಳು. ನಮ್ಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ಹೇಳುವಾಗ ಅವಳಿಗೆ ಬೇಸರವಾಗಿದ್ದುದು ಟಿಕೆಟ್ಟಿನ ಬಗ್ಗೆ ಅಲ್ಲ. ಇಳಿಯುವಾಗ ಆ ಕಂಡಕ್ಟರ್, “ಏನ್ರಿ ಇದು, ಉಳ್ಳಾಗಡ್ಡಿ ಜಾತೀನ?” ಎಂದು ಕೇಳಿದ್ದನಂತೆ.

ಆಪಾ ಎಂದರೆ ಅಕ್ಕ, ಆದರೆ ಅವಳು ನನ್ನ ರಕ್ತಸಂಬಂಧಿಯಲ್ಲ. ಉರ್ದು ಶಾಲೆಯ ಟೀಚರಾಗಿ ಹಾನಗಲ್ಲಿಗೆ ಬಂದು ನಮ್ಮ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಹನ್ನೊಂದು ವರ್ಷ ಬಾಡಿಗೆಗೆ ಇದ್ದವಳು. ನಮ್ಮ ಅತ್ತೆ ಅವಳನ್ನು ಶಾಲೆಯ ಟೀಚರಿಗೆ ಸಲ್ಲುವ ಮರ್ಯಾದೆಯಿಂದ ‘ಬಾಯಾರ’ ಎಂದು ಕರೆಯುತ್ತ ಬಂದರು, ನಾನು ಆಪಾ ಎಂದು. ನಿವೃತ್ತಿಯಾದ ಮೇಲೆ ಆಪಾ ಸವಣೂರಿನಲ್ಲಿದ್ದ ಗಂಡನ ಕೂಡುಮನೆಗೆ ಹೋದಳು. ಬೀಳ್ಕೊಡುವ ದಿನ ಜೊತೆಯ ಟೀಚರುಗಳೆಲ್ಲ ಸೇರಿ ಹುಬ್ಬಳ್ಳಿಯಿಂದ ಈ ಆರ್ಕಿಡ್ ಗಿಡ ತರಿಸಿ ಕೊಟ್ಟಿದ್ದರು. ಆಗ ಅದರ ತುಂಬ ನೇರಳೆ ಬಣ್ಣದ ಹೂವು. ಎರಡು ತಿಂಗಳಲ್ಲಿ ಹೂವು ಉದುರಿದವು. ಆಮೇಲೆ ಎರಡು ವರ್ಷ ಅದು ಐದು ದಪ್ಪ ಎಲೆ ಹೊತ್ತು, ಹುಳಿ ಮುಖ ಮಾಡಿಕೊಂಡು ಸುಮ್ಮನೆ ಕುಳಿತುಬಿಟ್ಟಿತು.

ಸುಮ್ಮನೆ ಕುಳಿತದ್ದೇನೋ ಸರಿ, ಆದರೆ ಕುಳಿತ ಜಾಗ ಸರಿಯಿರಲಿಲ್ಲ. ಆ ಕೂಡುಮನೆಯಲ್ಲಿ ಮೂಡಣ ದಿಕ್ಕಿಗೆ ಇರುವುದು ಒಂದೇ ಕಿಟಕಿ. ಆ ಕಿಟಕಿಯ ಕಟ್ಟೆಯ ಮೇಲೆ ಆಪಾಳ ನೆಗೆಣ್ಣಿಗೆ, ಅಂದರೆ ಮೈದುನನ ಹೆಂಡತಿಗೆ, ಇನ್ವರ್ಟರ್ ಇಡಬೇಕು. ಗಿಡಕ್ಕೂ ಬ್ಯಾಟರಿಗೂ ಎರಡು ವರ್ಷ ಶೀತಲ ಯುದ್ಧ ನಡೆದು, ಕೊನೆಗೆ ಮನೆಯ ಹಿರಿಯರ ಮುಂದೆ ಕರಾರಾಯಿತು: ಈ ವರ್ಷ ಹೂವು ಬಂದರೆ ಕಿಟಕಿ ಆಪಾಳದು, ಬಾರದಿದ್ದರೆ ಇನ್ವರ್ಟರಿನದು. ಮೂವತ್ತಾರು ವರ್ಷ ಬೇರೆಯವರ ಮಕ್ಕಳಿಗೆ ಪಾಠ ಹೇಳಿ ಬಂದವಳಿಗೆ ಆ ಮನೆಯಲ್ಲಿ ತನ್ನದು ಎಂದು ಉಳಿದಿದ್ದು ಆ ಕಿಟಕಿಯೊಂದೇ. ಬೆಳಿಗ್ಗೆ ನಮಾಜಿನ ನಂತರ ಅವಳು ಅಲ್ಲೇ ಚಹಾ ಕುಡಿಯುತ್ತಾಳೆ, ಅಲ್ಲೇ ಪೇಪರ್ ಓದುತ್ತಾಳೆ.

ಈ ಕರಾರು ಗಿಡದ ಕಿವಿಗೆ ಬಿತ್ತೋ ಏನೋ, ಮಳೆಗಾಲ ಮುಗಿಯುವ ಹೊತ್ತಿಗೆ ಎಲೆಯ ಸಂದಿಯಿಂದ ಒಂದು ದಂಟು ಹೊರಬಿತ್ತು. ನವರಾತ್ರಿಯ ಹೊತ್ತಿಗೆ ಅದರ ಮೇಲೆ ಕಡಲೆಕಾಳಿನಷ್ಟು ಗಾತ್ರದ ಏಳು ಮೊಗ್ಗು. ಆದರೆ ಅದೇ ಹೊತ್ತಿಗೆ ಆಪಾ ಮತ್ತು ಅವಳ ಗಂಡನ ಉಮ್ರಾ ಯಾತ್ರೆಯೂ ಗೊತ್ತಾಗಿತ್ತು, ಇಪ್ಪತ್ತು ದಿನದ್ದು. ಇನ್ವರ್ಟರಿನ ಕಡೆಯವರ ಕೈಯಲ್ಲಿ ಬಸುರಿ ಗಿಡವನ್ನು ಬಿಟ್ಟುಹೋಗಲು ಮನಸ್ಸಾಗದೆ ನನ್ನಲ್ಲಿಗೆ ತಂದಿದ್ದಳು.

“ತಂಗೀ, ನಿನ್ನ ನಂಬಿ ಕೊಡಾಕತ್ತೇನಿ. ನಿನಗ ತಾಳ್ಮಿ ಐತಿ.”

ಈ ಮಾತನ್ನು ಜನ ನನಗೆ ಹೇಳುವುದು ಯಾವುದಾದರೂ ಕೆಲಸ ನನ್ನ ತಲೆಗೆ ಕಟ್ಟುವಾಗ ಮಾತ್ರ.

ಗಿಡದ ಜೊತೆಗೆ ಎರಡು ಹಾಳೆ ಸೂಚನೆ ಕೊಟ್ಟಳು. ದುಂಡಗಿನ ಟೀಚರಕ್ಷರ, ಹದಿನೇಳು ಅಂಶ, ಮಹತ್ವದ್ದಕ್ಕೆ ಕೆಂಪು ಗೆರೆ. ಮಳೆನೀರು ಮಾತ್ರ ಹಾಕತಕ್ಕದ್ದು, ಕೊಳವೆಬಾವಿಯ ನೀರು ಸರ್ವಥಾ ಕೂಡದು. ಐದು ದಿನಕ್ಕೊಮ್ಮೆ, ಅರ್ಧ ತಂಬಿಗೆ. ಬೇರು ಬೂದುಬಣ್ಣವಿದ್ದರೆ ಬಾಯಾರಿದೆ ಎಂದೂ ಹಸಿರಿದ್ದರೆ ತೃಪ್ತವಾಗಿದೆ ಎಂದೂ ತಿಳಿಯತಕ್ಕದ್ದು. ಸುಳಿಯಲ್ಲಿ ನೀರು ನಿಂತರೆ ಬಟ್ಟೆಯಿಂದ ಒರೆಸತಕ್ಕದ್ದು. ದಂಟಿನ ಮುಖ ಬೆಳಕಿನ ಕಡೆ ಇದ್ದರೆ ತಿರುಗಿಸತಕ್ಕದ್ದಲ್ಲ. ನಮ್ಮ ಮನೆಗೆ ಅಳಿಯ ಬಂದಾಗಲೂ ಇಷ್ಟು ನಿಯಮ ಪಾಲಿಸಿರಲಿಲ್ಲ. ಮೊದಲ ಹಾಳೆ ಪೂರ್ತಿ ಓದಿದೆ, ಎರಡನೆಯದರ ಮೇಲೆ ಕಣ್ಣಾಡಿಸಿದೆ. ಈ ಕಣ್ಣಾಡಿಸಿದ್ದರ ಫಲ ಮುಂದೆ ಬರುತ್ತದೆ.

ನಮ್ಮವರದು ಗೊಬ್ಬರ-ಬೀಜದ ಅಂಗಡಿ. ಮಧ್ಯಾಹ್ನ ಊಟಕ್ಕೆ ಬಂದವರು ಪಡಸಾಲೆಯ ಕಿಟಕಿಯಲ್ಲಿ ಗಿಡ ಕಂಡು ಕನ್ನಡಕ ಏರಿಸಿದರು.

“ಎಕರೆಕ್ಕ ಇಳುವರಿ ಎಷ್ಟಂತ?”

“ಎಕರೆ ಎಲ್ಲಿಂದ ಬಂತ್ರಿ? ಇರೂದ ಒಂದ ಗಿಡ.”

“ಒಂದ ಗಿಡಕ್ಕ ಇಷ್ಟ ಕಾಗದಪತ್ರ?” ಎಂದು ಸೂಚನೆಯ ಹಾಳೆ ತಿರುವಿ ಹಾಕಿ, ಆಮೇಲೆ ಕುಂಡದೊಳಗೆ ಬೆರಳಿಟ್ಟು ನೋಡಿದರು. ಇದ್ದಿಲ ಚೂರು, ಮರದ ತೊಗಟೆಯ ಚಕ್ಕೆ. “ಇದು ಬಂದಣಿಕಿ ಜಾತಿ. ನಮ್ಮ ಮಾವಿನ ಗಿಡದಾಗ ಹುಟ್ಟಿದ್ರ ಕುಡುಗೋಲ ತಗೊಂಡ ಕಡದ ಒಗೀತೀವಿ. ಸವಣೂರ ಮಂದಿ ಪಾಟಿನ್ಯಾಗ ಹಾಕಿ ಪೂಜಿ ಮಾಡ್ತಾರ.”

ಬಂದಳಿಕೆ ಮರದ ರಸ ಹೀರುತ್ತದೆ, ಇದು ಮರದ ಮೇಲೆ ಬರೀ ಕೂರುತ್ತದೆ ಎಂದು ಆಪಾ ಹೇಳಿಕೊಟ್ಟಿದ್ದನ್ನು ನಾನು ಒಪ್ಪಿಸಿದೆ. “ಬರೇ ಕುಂದ್ರತೈತಿ ಅಂದ್ರ ನಮ್ಮ ಅಂಗಡಿ ಕಟ್ಟಿ ಮ್ಯಾಲಿನ ಮಂದಿ ಜಾತಿ ಅನ್ನು,” ಎಂದು ಊಟಕ್ಕೆ ಕುಳಿತರು. ಮರುದಿನ ಆ ಕಟ್ಟೆಯ ಮಂದಿಯಲ್ಲೇ ಇಬ್ಬರನ್ನು ಗಿಡ ನೋಡಲು ಕಳಿಸಿದ್ದರು. ಒಬ್ಬರು ಗೋವಿನಜೋಳ ಬೆಳೆಯುವವರು. ಗಿಡದ ಮುಂದೆ ಕೈಕಟ್ಟಿ ಬಹಳ ಹೊತ್ತು ನಿಂತು, “ಹುಳಾ ಬಿದ್ದಿಲ್ಲ ಖರೆ, ಆದ್ರೂ ಒಂದ ಸಲ ಹೊಡದಬಿಡ್ರಿ ಅಕ್ಕಾರ,” ಎಂದರು. ಇನ್ನೊಬ್ಬರು ಇದರ ಬೀಜ ಯಾವ ಕಂಪನಿಯದು ಎಂದು ಕೇಳಿದರು. ಚಹಾ ಕುಡಿದು ಹೋದರು.

ನಮ್ಮ ಅತ್ತೆ ಮಾತ್ರ ಮೊದಲ ಎರಡು ದಿನ ಏನೂ ಹೇಳಲಿಲ್ಲ. ಹಿರೇಕೆರೂರು ಕಡೆಯ ಹಳ್ಳಿಯಲ್ಲಿ ಹುಟ್ಟಿ, ಅಲ್ಲೇ ಹತ್ತಿರದ ನಮ್ಮ ಹೊಲದಲ್ಲಿ ಐವತ್ತು ವರ್ಷ ದುಡಿದವರು. ಎಪ್ಪತ್ತೆಂಟಾಗಿದೆ, ಮೊಣಕಾಲು ನೋವು, ಈಗ ಕುರ್ಚಿಯಿಂದ ಕಿಟಕಿಯವರೆಗಿನ ನಡಿಗೆಯೇ ಅವರ ಹೊಲ. ಮೂರನೆಯ ದಿನ ಕುಂಡದ ಹತ್ತಿರ ಹೋಗಿ ಒಳಗೆ ಇಣುಕಿದರು. ಕೊಟ್ಟ ಮನೆಯಲ್ಲಿ ಮಗಳು ಬರಿ ನೆಲದ ಮೇಲೆ ಮಲಗಿದ್ದನ್ನು ಕಂಡ ತಾಯಿಯ ಮುಖವಾಯಿತು ಅವರದು.

“ಯವ್ವಾ, ಮಣ್ಣs ಇಲ್ಲಲ್ಲ ಇದಕ್ಕ?”

“ಇದಕ್ಕ ಮಣ್ಣ ಬ್ಯಾಡಂತ್ರಿ ಅತ್ತಿ.”

“ಬ್ಯಾಡ ಅಂತ ಯಾರ ಅಂದಾರ? ಗಿಡ ಅಂದೈತೇನು?”

“ಬಾಯಾರ ಬರದಾರ್ರಿ. ಒಂಬತ್ತನೇ ನಂಬರ್.”

“ಬಾಯಾರ ಸಾಲಿ ಕಲಸಿದಾರ, ಹೊಲಾ ಮಾಡಿಲ್ಲ,” ಎಂದು ತಮ್ಮ ಕುರ್ಚಿಗೆ ಮರಳಿದರು. ಆ ದಿನದಿಂದ ಊಟದ ಹೊತ್ತಿನಲ್ಲಿ ಅವರು ತುತ್ತು ಎತ್ತುವ ಮೊದಲು ಒಮ್ಮೆ ಗಿಡದ ಕಡೆ ನೋಡುವುದನ್ನು ನಾನು ಗಮನಿಸುತ್ತಿದ್ದೆ. ಹಸಿದವರ ಎದುರು ಉಣ್ಣುವ ಸಂಕೋಚ.

ನನಗೊಂದು ಚಟವಿದೆ. ಬೀಜದ ಕಂಪನಿಯವರು ಅಂಗಡಿಗೆ ಕೊಡುವ, ದಿನಕ್ಕೊಂದು ಹಾಳೆ ಕೀಳುವ ಕ್ಯಾಲೆಂಡರ್ ನಮ್ಮ ಪಡಸಾಲೆಯಲ್ಲಿ ತೂಗುತ್ತದೆ. ಬೆಳಿಗ್ಗೆ ಕಿತ್ತ ಹಾಳೆಯ ಹಿಂಬದಿ ಹಿಂದಿನ ದಿನದ ಸುದ್ದಿ ಬರೆದು ಬಿಸ್ಕಿಟ್ ಡಬ್ಬಿಯಲ್ಲಿಡುತ್ತೇನೆ: ಸಿಲಿಂಡರ್ ಬಂತು, ಉಪ್ಪಿನಕಾಯಿಗೆ ಬೂಸ್ಟು, ನಲ್ಲಿ ನೀರು ಬರಲಿಲ್ಲ. ಆ ಇಪ್ಪತ್ತು ದಿನಗಳ ಹಾಳೆಗಳಲ್ಲಿ ಸಿಲಿಂಡರ್ ಇಲ್ಲ, ಉಪ್ಪಿನಕಾಯಿಯೂ ಇಲ್ಲ. “ಬೇರು ಬೂದು. ಅರ್ಧ ತಂಬಿಗೆ.” “ಬೇರು ಹಸಿರು.” “ಮೂರನೆ ಎಲೆ ಒರೆಸಿದೆ.” ಆಸ್ಪತ್ರೆಯಲ್ಲಿ ಮಂಚದ ಕಾಲಿಗೆ ತೂಗುಹಾಕುವ ಪಟ್ಟಿಯ ಹಾಗೆ. ದಿನಾ ಬೆಳಿಗ್ಗೆ ಗಿಡದ ಫೋಟೊ ತೆಗೆದು ಆಪಾಳಿಗೆ ಕಳಿಸುತ್ತಿದ್ದೆ. ಅವಳು ಮಕ್ಕಾದಿಂದ ಧ್ವನಿ ಕಳಿಸುತ್ತಿದ್ದಳು: “ಇಲ್ಲಿ ಎಲ್ಲಾರ ಹೆಸರ ತಗೊಂಡ ದುವಾ ಮಾಡೀನಿ ತಂಗೀ. ನಿನ್ನ ಹೆಸರು, ನಿಮ್ಮತ್ತಿ ಮೊಣಕಾಲು, ನನ್ನ ಗಿಡ. ನೆಗೆಣ್ಣಿದೂ ಮಾಡೀನಿ, ಆದ್ರ ಇನ್ವರ್ಟರಿಂದು ಮಾಡಿಲ್ಲ.”

ಬನ್ನಿ ಹಬ್ಬದ ದಿನ ಗಿರಾಕಿಯೊಬ್ಬರು ಒಂದು ದೊಡ್ಡ ಬಾಳೆಗೊನೆ ತಂದುಕೊಟ್ಟರು. ಪಡಸಾಲೆಯ ಕಿಟಕಿಯ ಮೇಲಿದ್ದ ಕೊಂಡಿಗೆ ಅದನ್ನು ನಾನೇ ಸ್ಟೂಲು ಹತ್ತಿ ತೂಗುಹಾಕಿದೆ. ಹಬ್ಬದ ಮನೆಯಲ್ಲಿ ಗೊನೆ ಎದುರಿಗೆ ಕಾಣಬೇಕು.

ಅದಾಗಿ ಐದು ದಿನಕ್ಕೆ ಸೀಗಿ ಹುಣ್ಣಿಮೆ. ಈ ಹೊತ್ತಿಗೆ ಹೊಲದಲ್ಲಿ ಜೋಳ, ಹತ್ತಿ ಎಲ್ಲ ಕಾಳುಗಟ್ಟುವ, ಕಾಯಿಬಿಡುವ ಹಂತದಲ್ಲಿರುತ್ತವೆ. ಭೂಮಿ ಬಸುರಿ ಎಂದು ನಾವು ತಿಳಿಯುತ್ತೇವೆ. ಬಸುರಿಗೆ ಬಯಕೆಯ ಊಟ ಬೇಕಲ್ಲ! ಕಡುಬು, ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ, ಕರ್ಚಿಕಾಯಿ ಎಲ್ಲ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಆ ಅಡುಗೆಯನ್ನೆಲ್ಲ ಕಲೆಸಿ ಬೆಳೆಯ ಮೇಲೆ ಚೆಲ್ಲುತ್ತ ಹೊಲ ಸುತ್ತುತ್ತೇವೆ. ಅದಕ್ಕೆ ಚರಗ ಎನ್ನುತ್ತಾರೆ. ಮದುವೆಯಾಗಿ ಬಂದಾಗಿನಿಂದ ಅತ್ತೆ ಚರಗ ತಪ್ಪಿಸಿದ್ದನ್ನು ನಾನು ಕಂಡಿಲ್ಲ. ಈ ವರ್ಷ ಮೊಣಕಾಲು ಕೇಳಲಿಲ್ಲ.

“ನೀವು ಹೋಗಿ ಬರ್ರಿ. ನಾ ಇಲ್ಲೆ ಇರ್ತೇನಿ. ಒಂದೆರಡ ಕಡಬು ಇಟ್ಟ ಹೋಗ್ರಿ,” ಎಂದರು. ಹತ್ತು ಕಡುಬು, ಜೊತೆಗೆ ಹೋಳಿಗೆ, ಪಲ್ಯ ಇಟ್ಟು ಹೋದೆ. ತಿನ್ನಲಿಕ್ಕೆ ಎಂದುಕೊಂಡಿದ್ದೆ.

ಸಂಜೆ ಹೊಲದಿಂದ ಮರಳಿ ಬಾಗಿಲು ತೆಗೆದಾಗ ಮೊದಲು ಮೂಗಿಗೆ ಬಿದ್ದದ್ದು ಊದಿನಕಡ್ಡಿ. ಕಿಟಕಿಯಲ್ಲಿ ಗಿಡ ಕುಳಿತಿತ್ತು, ಆದರೆ ಅದು ನಾನು ಬಿಟ್ಟುಹೋದ ಗಿಡವಾಗಿರಲಿಲ್ಲ. ಕುಂಡದ ಕಂಠದವರೆಗೆ ಕಪ್ಪು ಎರೆಮಣ್ಣು ಒತ್ತಿ ತುಂಬಿತ್ತು. ಅದರ ಮೇಲೆ ಕಡುಬು, ಹೋಳಿಗೆ, ಪುಂಡಿಪಲ್ಯ ಕಲೆಸಿದ ಚರಗ. ದಂಟಿಗೆ ಆಸರೆಯಾಗಿದ್ದ ಕಡ್ಡಿಗೆ ಎರಡು ಹಸಿರು ಬಳೆ. ಎಲೆಗಳಿಗೆ ಅರಿಶಿನ-ಕುಂಕುಮ. ಬೇರುಗಳು ಕಾಣದಂತೆ ಕುಂಡದ ಸುತ್ತ ಒಂದು ಕುಪ್ಪಸದ ಕಣ. ಇರುವೆಗಳು ಆಗಲೇ ಪಂಕ್ತಿ ಹಾಕಿದ್ದವು.

ಅತ್ತೆ ಕುರ್ಚಿಯಲ್ಲಿ ಕುಳಿತಿದ್ದರು. ಉಗುರಿನಲ್ಲಿ ಮಣ್ಣು. ಬಹಳ ದಿನದ ಮೇಲೆ ಮುಖದಲ್ಲಿ ಕೆಲಸ ಮಾಡಿದ ಕಳೆ.

“ಹಿತ್ತಲದಾಗ ತುಳಸಿಗೆ ಅಂತ ನಮ್ಮ ಹೊಲದ ಮಣ್ಣ ತರಿಸಿದ್ದೆಲ್ಲ, ಅದs ಹಾಕೇನಿ,” ಎಂದರು.

ನನ್ನ ಬಾಯಿಂದ ಬಂದದ್ದು, ನನ್ನ ತಾಳ್ಮೆಯ ಖ್ಯಾತಿಗೆ ತಕ್ಕದ್ದಾಗಿರಲಿಲ್ಲ.

“ಏನ ಮಾಡಿದ್ರಿ ಅತ್ತಿ! ಸಾಯತೈತ್ರಿ ಅದು! ಮಂದಿ ಗಿಡ ಅದು, ನಮ್ಮದಲ್ಲ. ಬಾಯಾರಿಗೆ ನಾ ಏನಂತ ಹೇಳ್ಲಿ? ಆ ಕಿಟಕಿ ಹೋಗತೈತ್ರಿ ಅವರದು!”

“ಮಂದಿ ಮನಿ ಬಸರಿ ನಮ್ಮ ಮನಿಗೆ ಬಂದಾಳ. ಬರಿಗೈಲೆ ಕಳಸಬೇಕೇನ? ಬಾಯಾರ ಇಷ್ಟುದ್ದ ಕಾಗದ ಬರದಾರ, ಒಂದರಾಗಾದ್ರೂ ಉಣ್ಣಾಕ ಹಾಕ್ರಿ ಅಂತ ಬರದಾರೇನ?”

“ನಿಮಗ ತಿಳೀದಿದ್ರ ಮುಟ್ಟಬಾರದಿತ್ತು.”

ಐವತ್ತು ವರ್ಷ ಬೆಳೆ ತೆಗೆದವರಿಗೆ, ಬೀಜದ ಅಂಗಡಿಯವರ ಹೆಂಡತಿ ಗಿಡದ ಬಗ್ಗೆ ‘ತಿಳಿಯದು’ ಎಂದಳು. ಅತ್ತೆ ನನ್ನ ಮುಖ ನೋಡಲಿಲ್ಲ, ಮಗನ ಮುಖ ನೋಡಿದರು. ಮಗ ಹೊಲದಿಂದ ತಂದ ಬುತ್ತಿಗಂಟು ಹಿಡಿದುಕೊಂಡು ನಿಧಾನಕ್ಕೆ ಅಡುಗೆಮನೆಗೆ ಜಾರಿದರು. ನಮ್ಮವರ ಈ ಗುಣವನ್ನು ಮೂವತ್ತು ವರ್ಷದಿಂದ ನೋಡಿದ್ದೇನೆ. ಅವರ ಅಂಗಡಿಯಲ್ಲಿ ಎಲ್ಲ ರೋಗಕ್ಕೂ ಔಷಧ ಸಿಗುತ್ತದೆ, ಇದೊಂದಕ್ಕೆ ಬಿಟ್ಟು.

ನಾನು ಗಿಡವನ್ನು ಹಿತ್ತಲಿಗೆ ಒಯ್ದು, ಮಳೆನೀರಿನಲ್ಲಿ ಒಂದೊಂದು ಬೇರನ್ನೂ ತೊಳೆದೆ. ಎರೆಮಣ್ಣು ಹಾಗೆಲ್ಲ ಬಿಡುವ ಪೈಕಿಯಲ್ಲ. ಹೊಲಕ್ಕೆ ಹೋದಾಗ ಚಪ್ಪಲಿಯನ್ನೇ ಕಿತ್ತುಕೊಳ್ಳುವ ಮಣ್ಣು. ತೊಗಟೆ ಚಕ್ಕೆಗಳನ್ನು ಆರಿಸಿ ತೊಳೆದು, ಕಡಿಮೆ ಬಿದ್ದದ್ದಕ್ಕೆ ಇಸ್ತ್ರಿ ಅಂಗಡಿಯಿಂದ ಇದ್ದಿಲು ತಂದು ಮತ್ತೆ ತುಂಬಿದೆ. ಬಳೆಗಳನ್ನು ತೆಗೆಯಲು ಹೋದರೆ ದಂಟು ಅಲುಗಿತು. ಹಾಗೇ ಬಿಟ್ಟೆ. ಏಳು ಮೊಗ್ಗು ಎಣಿಸಿದೆ, ಏಳೂ ಇದ್ದವು.

ಮೂರನೆಯ ದಿನ ಒಂದು ಮೊಗ್ಗು ಹಳದಿಯಾಗಿ ಕಿಟಕಿಯ ಕಟ್ಟೆಯ ಮೇಲೆ ಬಿದ್ದಿತ್ತು. ಅದಾದ ಎರಡು ದಿನಕ್ಕೆ ಇನ್ನೊಂದು.

ಆ ಹೊತ್ತಿಗೆ ಅತ್ತೆಗೂ ನನಗೂ ಮಾತು ನಿಂತಿತ್ತು. ನಿಂತಿತ್ತು ಎಂದರೆ ಪೂರ್ತಿ ನಿಂತಿರಲಿಲ್ಲ, ದಾರಿ ಬದಲಿಸಿತ್ತು. ಅವರು ಮಗನಿಗೆ ಹೇಳುತ್ತಿದ್ದರು: “ಚಾ ಆರಾಕತ್ತೈತಿ ಅಂತ ಹೇಳು.” ನಾನೂ ನಮ್ಮವರಿಗೇ ಹೇಳುತ್ತಿದ್ದೆ: “ಗುಳಿಗಿ ತಗೊಂಡ್ರೇನ ಕೇಳ್ರಿ.” ನಡುವೆ ಕುಳಿತ ಮನುಷ್ಯ ಊಟ ಬೇಗ ಮುಗಿಸಿ ಅಂಗಡಿಗೆ ಓಡುವುದನ್ನು ರೂಢಿ ಮಾಡಿಕೊಂಡರು. ನಾನು ಬಿದ್ದ ಮೊಗ್ಗುಗಳನ್ನು ಅತ್ತೆಗೆ ಕಾಣುವ ಹಾಗೆ ಒಂದು ಬಟ್ಟಲಲ್ಲಿಟ್ಟೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವರು ದಿನಾ ಆ ಬಟ್ಟಲನ್ನು ನೋಡುತ್ತಿದ್ದರು.

ಆಪಾಳಿಗೆ ಏನು ಹೇಳುವುದು? ಅಷ್ಟು ದೂರ ದೇವರ ಮನೆಗೆ ಹೋದವಳ ಮನಸ್ಸು ಕೆಡಿಸಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು ಹೇಳುವ ಮೊದಲು ಮನುಷ್ಯ ಇಂಥದೊಂದು ಒಳ್ಳೆಯ ಮಾತು ಹುಡುಕಿಕೊಳ್ಳುತ್ತಾನೆ. ಹುಣ್ಣಿಮೆಯ ಬೆಳಿಗ್ಗೆ, ಹೊಲಕ್ಕೆ ಹೊರಡುವ ಮೊದಲು, ಹಲವು ಫೋಟೊ ತೆಗೆದಿದ್ದೆ. ಏಳು ಮೊಗ್ಗೂ ಚೆನ್ನಾಗಿ ಕಾಣುವಂಥವು. ದಿನಕ್ಕೊಂದರಂತೆ ಅವನ್ನೇ ಕಳಿಸತೊಡಗಿದೆ. ಆಪಾ “ಮಾಶಾ ಅಲ್ಲಾ, ಛಲೋ ಐತಿ,” ಎನ್ನುತ್ತಿದ್ದಳು.

ಮೂರನೆಯ ಮೊಗ್ಗು ಹಳದಿಯಾದ ದಿನ ಸೂಚನೆಯ ಹಾಳೆಗಳನ್ನು ತೆಗೆದು ಕುಳಿತೆ. ಮಣ್ಣು ತಾಕಿದ ಗಿಡಕ್ಕೆ ಏನಾದರೂ ಉಪಾಯ ಬರೆದಿದ್ದಾಳೋ ಎಂದು. ಕಣ್ಣಾಡಿಸಿ ಬಿಟ್ಟಿದ್ದ ಎರಡನೆಯ ಹಾಳೆ. ಹದಿನಾಲ್ಕನೆಯ ಅಂಶ, ಕೆಂಪು ಗೆರೆ ಎಳೆದದ್ದು: “ಮಾಗುವ ಹಣ್ಣುಗಳ ಬಳಿ ಇಡತಕ್ಕದ್ದಲ್ಲ. ಹಣ್ಣಿನ ಗಾಳಿಗೆ ಮೊಗ್ಗು ಹಳದಿಯಾಗಿ ಉದುರುತ್ತವೆ. ವಿಶೇಷತಃ ಬಾಳೆ.”

ತಲೆ ಎತ್ತಿದೆ. ಗಿಡದ ನೆತ್ತಿಯ ಮೇಲೆ, ಒಂದು ಮೊಳದ ಅಂತರದಲ್ಲಿ, ನಾನೇ ಸ್ಟೂಲು ಹತ್ತಿ ತೂಗುಹಾಕಿದ ಗೊನೆ. ಹುಣ್ಣಿಮೆಯ ಹೊತ್ತಿಗೆ ಬಣ್ಣ ತಿರುಗಲು ಶುರುವಾಗಿದ್ದು ಈಗ ಮನೆ ತುಂಬ ಘಮ್ಮೆನ್ನುತ್ತಿತ್ತು.

ಒಂದು ಗಳಿಗೆಯೂ ತಡಮಾಡದೆ ಗೊನೆ ಇಳಿಸಿದೆ. ಓಣಿಯ ಪ್ರತಿ ಮನೆಗೂ ಹಣ್ಣು ಹಂಚಿದೆ. “ಏನ್ ವಿಶೇಷ ವೈನಿ?” ಎಂದವರಿಗೆ “ಸುಮ್ನ” ಎಂದೆ. ಬಾವಿಯ ಹತ್ತಿರದ ಮನೆಯವರು ಎರಡು ಡಜನ್ ಇಸಿದುಕೊಂಡು ನನ್ನ ದಾನಗುಣ ಹೊಗಳಿದರು. ಪುರಾವೆಯನ್ನು ಊರಿಗೆಲ್ಲ ತಿನ್ನಿಸಿ ಮುಗಿಸಿದ ಕಳ್ಳಿ ನಾನೊಬ್ಬಳೇ ಇರಬೇಕು.

ಅತ್ತೆಗೆ ಹೇಳಬೇಕಾಗಿತ್ತು. ಹೇಳಲಿಲ್ಲ. ನಾಳೆ ಹೇಳೋಣ ಎಂದೆ, ಮಗನ ಮೂಲಕ ಹೇಳುವ ಮಾತಲ್ಲ ಇದು ಎಂದೆ, ಎರೆಮಣ್ಣಿನಿಂದಲೂ ಸ್ವಲ್ಪ ಕೆಟ್ಟಿರಬಹುದು ಎಂದೆ. ಹೀಗೆ ಏಳು ದಿನ ಕಳೆದೆ. ಬಟ್ಟಲನ್ನು ಮಾತ್ರ ಮೊದಲ ದಿನವೇ ತೆಗೆದಿಟ್ಟೆ. ಉಳಿದ ನಾಲ್ಕು ಮೊಗ್ಗು ಗಟ್ಟಿಯಾಗಿ ನಿಂತವು.

ಆಪಾ ಬರುವ ಎರಡು ದಿನ ಮೊದಲು, ಬೆಳಿಗ್ಗೆ, ಅತ್ತೆಯ ದನಿ ಕೇಳಿಸಿತು. ಮಗ ಮನೆಯಲ್ಲಿರಲಿಲ್ಲ. ನೇರ ನನಗೇ.

“ಏ ಯವ್ವಾ! ಇಲ್ಲಿ ಬಾ! ಬಿಚ್ಚೈತಿ!”

ಮೊದಲ ಹೂವು. ನೇರಳೆ, ಅಂಗೈಯಷ್ಟು ಅಗಲ, ನಡುವೆ ಹಳದಿ. ಅದರ ಪಕ್ಕದಲ್ಲಿ ಅತ್ತೆಯ ಹಸಿರು ಬಳೆ. ಅತ್ತೆ ಕಿಟಕಿ ಹಿಡಿದು ನಿಂತಿದ್ದರು, ಮೊಣಕಾಲು ಮರೆತಿದ್ದರು.

“ನಾ ಮೂರ ಕಳದ್ನಿ. ಖರೆ. ಆದ್ರ ಚರಗ ತಿಂದ ಗಿಡ, ಒಂದಾರ ಕೊಡತೈತಿ ಅಂತ ಗೊತ್ತಿತ್ತ ನನಗ,” ಎಂದರು. ನಾನು ಆಗಲೂ ಬಾಯಿ ಬಿಡಲಿಲ್ಲ.

ಆಪಾ ಬಂದಳು. ಜೊತೆಗೆ ನೆಗೆಣ್ಣಿಯೂ ಬಂದಿದ್ದಳು, ಕಾರಿನಲ್ಲಿ. ಕರಾರಿನ ಇನ್ನೊಂದು ಪಕ್ಷ ಖುದ್ದಾಗಿ ಹಾಜರಿರಬೇಕಲ್ಲ. ಖರ್ಜೂರ, ಮಕ್ಕಾದ ಪವಿತ್ರ ಬಾವಿಯ ಒಂದು ಬಾಟಲಿ ಜಮ್‌ಜಮ್ ನೀರು, ಅತ್ತೆಯ ಮೊಣಕಾಲಿಗೆ ಹಚ್ಚಲು ಯಾವುದೋ ಎಣ್ಣೆ. ಇಷ್ಟನ್ನು ಇಟ್ಟು ಆಪಾ ಸೀದಾ ಕಿಟಕಿಗೆ ಹೋದಳು. ಹೂವನ್ನು ಮುಟ್ಟಲಿಲ್ಲ. ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಟೀಚರಲ್ಲವೇ, ಎಣಿಸಿದಳು.

“ಒಂದ ಹೂವು, ಮೂರ ಮೊಗ್ಗಿ. ಏಳ ಇದ್ದುವಲ್ಲ ತಂಗೀ?”

ನಾನು ಬಾಯಿ ತೆರೆಯುವ ಮೊದಲೇ ಕುರ್ಚಿಯಿಂದ ದನಿ ಬಂತು.

“ನನ್ನಿಂದ ಹ್ವಾದುವ್ರಿ ಬಾಯಾರ. ನಾ ಮಣ್ಣ ಹಾಕಿದ್ನಿ. ಬಸರಿ ಅಂತ ಚರಗಾ ಚೆಲ್ಲಿದ್ನಿ. ಇಕೀದೇನೂ ತಪ್ಪಿಲ್ಲ, ಇಕಿ ತೊಳದ ಉಳಿಸ್ಯಾಳ. ಬೈಯೂದಿದ್ರ ನನಗ ಬೈರಿ.”

ಹದಿಮೂರು ದಿನ ನಾನು ಅವರಿಗೆ ಚಹಾ ಕೂಡ ಮಗನ ಕೈಯಲ್ಲಿ ಕಳಿಸಿದ್ದೆ. ಆ ಮುದುಕಿ ಈಗ ಎಲ್ಲರ ಮುಂದೆ ನನ್ನ ಪರ ಮಾತಾಡಿದ್ದರು. ಇನ್ನು ಸುಮ್ಮನಿದ್ದರೆ ಅನ್ನ ಇಳಿಯುವುದಿಲ್ಲ ಅನ್ನಿಸಿತು.

“ಮಣ್ಣಿಂದಲ್ರಿ ಆಪಾ. ಬಾಳಿಗೊನಿಯಿಂದ. ನಾನs ಇಲ್ಲಿ ತೂಗ ಹಾಕಿದ್ನಿ. ಹದಿನಾಲ್ಕನೇ ನಂಬರ್ ಓದಿರಲಿಲ್ಲ. ಗೊತ್ತಾಗಿ ಒಂಬತ್ತ ದಿವಸ ಆತು. ಅತ್ತಿ ಮ್ಯಾಲ ಹಾಕಿ ಸುಮ್ಮನಿದ್ನಿ.”

ಅತ್ತೆ ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ.

“ಅದಕ್ಕs ಓಣಿಗೆಲ್ಲ ಹಣ್ಣ ಹಂಚಿದಿ? ನನಗ ಒಂದೂ ಕೊಡ್ಲಿಲ್ಲಲ್ಲ?”

ಆಪಾ ನಗುತ್ತಿರಲಿಲ್ಲ. ಮೊಬೈಲ್ ತೆಗೆದು ನಾನು ಕಳಿಸಿದ ಫೋಟೊಗಳನ್ನು ಒಂದೊಂದಾಗಿ ಸರಿಸಿ ನನ್ನ ಮುಂದೆ ಹಿಡಿದಳು. ಏಳು ಮೊಗ್ಗಿನ ಗಿಡ, ಅದರ ಹಿಂದೆ ಗೋಡೆಗೆ ನಮ್ಮ ಕ್ಯಾಲೆಂಡರ್. ಪ್ರತಿ ಫೋಟೊದಲ್ಲೂ ಅದೇ ಹುಣ್ಣಿಮೆಯ ತಾರೀಖು, ದಪ್ಪ ಕೆಂಪು ಅಂಕಿಯಲ್ಲಿ.

“ಹಾನಗಲ್ಲದಾಗ ಹನ್ನೊಂದ ದಿವಸ ಹುಣ್ಣಿವಿ ಇರತೈತೇನ ತಂಗೀ? ಎರಡನೇ ದಿವಸಕ್ಕ ನನಗ ತಿಳದಿತ್ತು ಏನೋ ಕಿತಾಪತಿ ಆಗೈತಿ ಅಂತ. ಅಲ್ಲಿ ನಿಂತ ಸಿಟ್ಟ ಮಾಡಬಾರದು. ತಡಕೊಂಡೇನಿ. ಮನಿಗೆ ಬಂದ ಮಾಡೂಣು ಅಂತ ಇಟ್ಕೊಂಡಿದ್ದೆ.” ನಂತರ ಹೂವಿನ ಕಡೆ ನೋಡಿ, “ಈಗ ಆ ಸಿಟ್ಟ ಎಲ್ಲಿ ಐತೋ ಸಿಗವಲ್ದು,” ಎಂದಳು.

ದಿನಾ ಹಾಳೆ ಕಿತ್ತು ಹಿಂಬದಿಯಲ್ಲಿ ಸತ್ಯ ಬರೆದಿಡುವವಳು ನಾನು. ಮುಂಬದಿಯನ್ನು ನೋಡಿರಲೇ ಇಲ್ಲ.

ಅಷ್ಟರಲ್ಲಿ ನೆಗೆಣ್ಣಿ ಗಂಟಲು ಸರಿಮಾಡಿಕೊಂಡಳು. “ಛಲೋ ಹೂ ಐತಿ ಭಾಬಿ, ನಾ ಇಲ್ಲ ಅನ್ನೂದಿಲ್ಲ. ಆದ್ರ ಮಾತ ಆಗಿದ್ದು ನಮ್ಮ ಕಿಟಕ್ಯಾಗ ಹೂ ಬರಬೇಕು ಅಂತ. ಇದು ಹಾನಗಲ್ಲ ಕಿಟಕ್ಯಾಗ ಬಂದೈತಿ.”

ನಮ್ಮವರು ಬಾಗಿಲಲ್ಲಿ ನಿಂತು ಕೇಳುತ್ತಿದ್ದವರು, “ಇವರಿಗೆ ಹೊಲದ ಬದು ಜಗಳ ಕೊಟ್ರ ಒಂದ ತಾಸಿನ್ಯಾಗ ತೀರಸ್ತಾರ,” ಎಂದು ನನ್ನ ಕಿವಿಯಲ್ಲಿ ಹೇಳಿದರು.

ಆಪಾ ವಾದ ಮಾಡಲಿಲ್ಲ. “ಆತು. ಮೂರ ಮೊಗ್ಗಿ ಇನ್ನೂ ಅದಾವಲ್ಲ. ಒಂದ ನಮ್ಮ ಕಿಟಕ್ಯಾಗ ಬಿಚ್ಚಲಿ,” ಎಂದಳು. ದಾರಿಯಲ್ಲಿ ಮೊಗ್ಗು ಉದುರಿದರೆ? ಜಾಗ ಬದಲಾದರೆ ಗಿಡ ಮುನಿಯುತ್ತದೆ ಎಂದು ಅವಳೇ ಹನ್ನೊಂದನೆಯ ಅಂಶದಲ್ಲಿ ಬರೆದಿದ್ದಳು. ಅದು ಅವಳಿಗೂ ನೆನಪಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು.

ಹೊರಡುವ ಮುಂಚೆ ಜಮ್‌ಜಮ್ ಬಾಟಲಿಯ ಮುಚ್ಚಳ ತೆಗೆದು, ಮುಚ್ಚಳದಷ್ಟೇ ನೀರು ಬಗ್ಗಿಸಿ, ಬಿಸ್ಮಿಲ್ಲಾ ಎಂದು ಗಿಡದ ಬುಡಕ್ಕೆ ಹಾಕಿದಳು.

“ಮಳಿನೀರ ಮಾತ್ರ ಅಂತ ಬರದಿದ್ರಿ ಆಪಾ. ಒಂದನೇ ನಂಬರ್,” ಎಂದೆ.

“ಇದರ ಮಾತ ಬ್ಯಾರೆ.”

“ಹಾಂ!” ಎಂದರು ಅತ್ತೆ ಕುರ್ಚಿಯಿಂದಲೇ, ಗೆದ್ದವರ ದನಿಯಲ್ಲಿ. “ಇದು ನಿಮ್ಮ ಚರಗ ಆತಿಲ್ರಿ ಬಾಯಾರ.”

ಆಪಾ ಆಗ ನಕ್ಕಳು. ಬಳೆ ತೆಗೆಯಲು ನಾನು ಕೈಹಾಕಿದರೆ, “ಇರಲಿ ಬಿಡು, ದಾರ್ಯಾಗ ಯಾರದರ ಕಣ್ಣ ಬಿದ್ದ ನೆದರಾಗೂದು ಬ್ಯಾಡ,” ಎಂದಳು. ಗಿಡವನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಕೈಯಿಂದ ದಂಟು ಹಿಡಿದು ಕುಳಿತಳು. ಕಾರು ನಮ್ಮ ಓಣಿ ದಾಟುವಾಗ ಹೆಣದ ಗಾಡಿಗಿಂತ ನಿಧಾನವಾಗಿ ಹೋಯಿತು. ಬಂಕಾಪುರದವರೆಗೂ ಹಾಗೇ ಹೋಯಿತಂತೆ. ಹಿಂದಿನ ಲಾರಿಗಳ ಹಾರ್ನಿಗೆ ನೆಗೆಣ್ಣಿಗೆ ತಲೆನೋವು ಬಂತಂತೆ.

ಆಮೇಲೆ ನಾಲ್ಕು ದಿನ ಸುದ್ದಿಯಿಲ್ಲ. ಫೋನ್ ಮಾಡಲು ಧೈರ್ಯವಿಲ್ಲ. ಅತ್ತೆ ದಿನಕ್ಕೆ ಮೂರು ಸಲ ಕೇಳುತ್ತಿದ್ದರು, ಈಗ ನನ್ನನ್ನೇ. ಐದನೆಯ ದಿನ ಬೆಳಿಗ್ಗೆ ಫೋಟೊ ಬಂತು. ಸವಣೂರಿನ ಕಿಟಕಿ, ಬಿಸಿಲು, ಚಹಾದ ಕಪ್ಪು, ಎರಡು ಹೂವು. ಕಡ್ಡಿಯ ಮೇಲೆ ಹಸಿರು ಬಳೆ ಹಾಗೇ ಇತ್ತು. ಗಿಡದ ಹಿಂದೆ, ಬೇಕೆಂದೇ ಮೊಳೆ ಹೊಡೆದು ತೂಗುಹಾಕಿದ ಕ್ಯಾಲೆಂಡರ್. ಅಂದಿನದೇ ತಾರೀಖು. ಮೂಲೆಯಲ್ಲಿ ನೆಲದ ಮೇಲೆ ಇನ್ವರ್ಟರಿನ ಡಬ್ಬಿ, ಇನ್ನೂ ಬಿಚ್ಚದೇ ಇದ್ದದ್ದು.

ಅತ್ತೆ ಮೊಬೈಲನ್ನು ಕಣ್ಣಿನ ಹತ್ತಿರ, ದೂರ, ಮತ್ತೆ ಹತ್ತಿರ ಹಿಡಿದು ನೋಡಿದರು. ಹೂವು ನೋಡಿದರು, ಬಳೆ ನೋಡಿದರು. ಬೆರಳಿಟ್ಟು ಚಿತ್ರದ ಮೇಲ್ಭಾಗಕ್ಕೆ ಸರಿಸಿದರು.

“ಛಲೋ ಆತು. ಆದ್ರೂ ಬಾಳಿಹಣ್ಣ ಎಲ್ಲಿ ಇಟ್ಟಾರ ಅಂತ ಒಂದ ಮಾತ ಕೇಳಿಬಿಡವಾ,” ಎಂದರು.